ಕುರ್ಚಿಗೊಂದು ಕುಬಸ

“ದಿಂಬು ಆತೇನು? ಹನ್ನೊಂದಕ್ಕ ಸಭಾ ಐತಿ. ಆ ಕಟಗೀ ಕುರ್ಚಿ ನನ್ನ ಬೆನ್ನ ಮುರದು ಹಾಕೇತಿ,” ಪಡಸಾಲೆಯಿಂದ ಪರಪ್ಪ ಕೂಗಿದ.

“ಕಡೀ ಮೂಲಿ ಒಂದು ಉಳದೈತ್ರಿ,” ಒಳಗೆ ಸೂಜಿಗೆ ದಾರ ಪೋಣಿಸುತ್ತ ಸುಂದರವ್ವ ಅಂದಳು.

ಬೆನ್ನು ಗಂಡನದು, ಕುರ್ಚಿ ಹೆಂಡತಿಯದು. ಹೆಣ್ಣಿಗೆ ಮೀಸಲಾದ ಪಂಚಾಯಿತಿ ಅಧ್ಯಕ್ಷಗಿರಿ ಸುಂದರವ್ವನಿಗೆ ಬಂದು ಎರಡು ವರ್ಷವಾಗಿತ್ತು. ಎರಡೂ ವರ್ಷ ಅವನು ಕುರ್ಚಿಯಲ್ಲಿ, ಅವಳು ಬಾಗಿಲ ಬದಿಯ ಸ್ಟೂಲಿನಲ್ಲಿ. ಠರಾವಿನ ಪುಸ್ತಕ ಅವಳ ತೊಡೆಯ ಮೇಲೆ ಬಂದು ಬೀಳುತ್ತಿತ್ತು. ಅವನು ಬೆರಳಿಟ್ಟಲ್ಲಿ ಅವಳು ಸಹಿ ಹಾಕುತ್ತಿದ್ದಳು. ಇವತ್ತೂ ಒಂದು ಠರಾವಿತ್ತು: ಹೆಣ್ಣುಮಕ್ಕಳ ಪಾಯಖಾನೆಗೆ ಬಿಟ್ಟ ಜಾಗದಲ್ಲಿ ವ್ಯಾಪಾರದ ಮಳಿಗೆ ಕಟ್ಟುವುದು. ಓಣಿಯ ಹೆಂಗಸರು ಈಗಲೂ ನಸುಕಿನಲ್ಲಿ ತಂಬಿಗೆ ಹಿಡಿದು ಮುರಗೋಡ ರಸ್ತೆಯ ಬದಿಗೆ ಹೋಗುತ್ತಿದ್ದರು, ಗಾಡಿಯ ಬೆಳಕು ಬಿದ್ದರೆ ದಡಕ್ಕನೆ ಎದ್ದು ನಿಲ್ಲುತ್ತಿದ್ದರು.

ಅತ್ತೆ ಕೆಂಚವ್ವ ಕಡಲೆ ಹಸನು ಮಾಡುತ್ತಿದ್ದವಳು ಸೊಸೆಯ ಮಡಿಲು ನೋಡಿ ಮೊರ ಕೆಳಗಿಟ್ಟಳು. ಹಸಿರು, ಕೆಂಪು, ನೇರಳೆ ತುಂಡುಗಳು. ಕೌದಿಗೆ ಹಚ್ಚುವ ಹಳೇ ಅರಿವೆಯಲ್ಲ, ಮಡಿಕೆ ಮುರಿಯದ ಕುಬಸದ ಖಣ.

“ಇವು ಎಲ್ಲಿವು?”

“ನಾ ಆರಿಸಿ ಬಂದ ದಿನ ಓಣಿ ಹೆಣ್ಣಮಕ್ಕಳು ಉಡಿ ತುಂಬಿದ್ರಲ್ಲರಿ ಅತ್ತಿ, ಅವ. ಹಸರು ರಾಮವ್ವಂದು. ಈ ಕೆಂಪು ಬಾಯವ್ವಂದು. ಹದಿನಾಕು ಮನೀವು.”

“ಉಡ್ಯಾಗಿನ ಖಣ ಕುಂಡಿ ಬುಡಕ ಹಾಕ್ಕೊಂತಾರೇನ? ಬುದ್ಧಿ ಐತಿಲ್ಲ ನಿನಗ?”

“ಬುಡಕ ಅಲ್ಲರಿ, ಬೆನ್ನಿಗೆ. ಖಣ ಇರೂದ ಬೆನ್ನಿಗಲ್ಲೇನ್ರಿ?”

ಕೆಂಚವ್ವ ದಿಂಬನ್ನು ಎತ್ತಿ ಹಿಡಿದಳು. ಎರಡು ಬದಿಗೆ ಎರಡು ಗಿಡ್ಡ ತೋಳು. ಕುರ್ಚಿಗೆ ಕಟ್ಟಲು ತೋಳಿನ ತುದಿಗೆ ಕಸೆ. ಥೇಟ್ ತಾನು ಮೈಮೇಲೆ ಗಂಟು ಹಾಕಿಕೊಂಡಿದ್ದ ಕುಬಸದ ಹಾಗೆ. ಅವಳು ಸದ್ದಿಲ್ಲದೆ ನಕ್ಕಳು, ಹೊಟ್ಟೆ ಕುಣಿಯಿತು. ಮುರಗೋಡ ರಸ್ತೆಯ ಬದಿಯಲ್ಲಿ ಗಾಡಿಯ ಬೆಳಕಿಗೆ ಅವಳೂ ಹರೆಯವೆಲ್ಲ ಎದ್ದು ನಿಂತವಳೇ. ದಾರದ ಉಂಡೆಯನ್ನು ಸೊಸೆಯ ಕಡೆ ಉರುಳಿಸಿದಳು. “ಎರಡೆಳಿ ಹಾಕು. ಒಂದೆಳಿ ಆದ್ರ ಆಂವ ಕಿತ್ತ ಒಗಿತಾನ.”

ಅಷ್ಟರಲ್ಲಿ ಪರಪ್ಪನೇ ಒಳಗೆ ಬಂದ. ದಿಂಬಿಗೆ ಚಾಚಿದ ಕೈ ಅರ್ಧಕ್ಕೇ ನಿಂತಿತು.

“ಇದೇನ ಇದು? ಹೆಂಗಸರ ಕುಬಸಕ್ಕ ಬೆನ್ನ ಹಚ್ಚಿ ಕುಂಡರಲೇನ ನಾನು? ಮೆಂಬರ ಮಂದಿ ನಗೂದಿಲ್ಲ?”

“ನಗತಾರ್ರಿ. ಅದಕ್ಕ ನೀವು ಕುಂಡರಬ್ಯಾಡ್ರಿ.”

“ಬಿಚ್ಚು ಅದನ್ನ.”

“ಹದಿನಾಕು ಮನಿ ಉಡಿ ಐತ್ರಿ ಅದು. ಬಿಚ್ಚೂದಾದ್ರ ಒಂದೊಂದ ಬಾಗಲಿಗೆ ಹೋಗಿ ಕೇಳಿ ಬರ್ರಿ.”

ಪರಪ್ಪ ತಾಯಿಯ ಕಡೆ ತಿರುಗಿದ. “ಯವ್ವಾ, ನೋಡು ನಿನ್ನ ಸೊಸೀನ್ನ.”

“ನೋಡೇನಿ,” ಕೆಂಚವ್ವ ಮತ್ತೆ ಮೊರ ಎತ್ತಿಕೊಂಡಳು. “ಹೊಲಿಗಿ ಚಲೋ ಬಂದೈತಿ.”

“ಮತ್ತ ಠರಾವು? ಅದಕ್ಕ ಸಹಿ ಬೇಕಲ್ಲ?” ಅವನ ದನಿ ಒಂದು ಮೆಟ್ಟಿಲು ಕೆಳಗಿಳಿದಿತ್ತು.

“ಈ ಸಲ ಓದತೇನ್ರಿ. ಓದಿದ ಮ್ಯಾಲ ಸಹಿ ಆಗಂಗಿಲ್ಲ.”

ಸುಂದರವ್ವ ದಾರವನ್ನು ಹಲ್ಲಿನಿಂದ ಕಡಿದಳು. ಸೂಜಿಯನ್ನು ತನ್ನ ಕುಬಸದ ತೋಳಿಗೆ ಚುಚ್ಚಿಕೊಂಡಳು, ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ಚಪ್ಪಲಿ ಮೆಟ್ಟಿದಳು.

“ಹಂಗಾರ ನಾ ಎಲ್ಲಿ ಕುಂಡರಲಿ?” ಹಿಂದಿನಿಂದ ಪರಪ್ಪ ಕೇಳಿದ.

ಅವಳು ಹೊಸ್ತಿಲಲ್ಲಿ ನಿಂತಳು.

“ಬಾಗಲಾ ಬದಿಗೆ ಸ್ಟೂಲ್ ಐತಲ್ಲರಿ. ಒಂದ ಕಾಲು ಕುಂಟತೈತಿ, ಒರಗಾಕ ಏನೂ ಇಲ್ಲ. ಎರಡು ವರ್ಷ ಕುಂತ ನೋಡೇನಿ, ಬೆನ್ನ ಗಟ್ಟಿ ಆಗತೈತಿ.”