ಟಿಲ್ಲಿಯ ಸ್ಟಾಪು

ಹಳದಿ ಬಸ್ಸಿನ ಸದ್ದು ಕೇಳಿ ಲೊರೇನ್ ಕಿಟಕಿಯ ಪರದೆಯ ಹಿಂದೆ ಬಂದು ನಿಂತಳು. ಶಾಲೆಯಲ್ಲಿ ಗುಂಡೇಟಿಗೆ ಮಗಳು ಟಿಲ್ಲಿ ಸತ್ತು ಎರಡು ತಿಂಗಳಾದರೂ ಮುದುಕ ಡ್ರೈವರ್ ವರ್ನನ್ ದಿನಾ ಮನೆ ಮುಂದೆ ಬಸ್ಸು ನಿಲ್ಲಿಸಿ, ಬಾಗಿಲು ತೆರೆದು, ಹತ್ತು ಎಣಿಸಿ ಹೋಗುತ್ತಿದ್ದ. ಇವತ್ತು ಸ್ಟೀರಿಂಗ್ ಹಿಡಿದವನು ಹೊಸಬ. ಬಸ್ಸು ಮನೆ ದಾಟಿಯೇಬಿಟ್ಟಿತು.

"ನಿಲ್ಸಿ ಮಿಸ್ಟರ್! ಇದು ಟಿಲ್ಲಿ ಸ್ಟಾಪು!" ಮಕ್ಕಳೆಲ್ಲ ಕಿರುಚಿದರು. ಬಸ್ಸು ಗಕ್ಕನೆ ನಿಂತು ಬಾಗಿಲು ತೆರೆಯಿತು.

"ಎಲ್ರೋ ಅವ್ಳು? ಯಾರೂ ಕಾಣ್ತಿಲ್ವಲ್ಲ?" ಹೊಸಬ ಕೇಳಿದ.

ಮಕ್ಕಳು ಮನೆಯ ಬಾಗಿಲನ್ನೇ ನೋಡಿದರು. ಲೊರೇನ್ ಹತ್ತು ಎಣಿಸಿದಳು, ಇಪ್ಪತ್ತು ಎಣಿಸಿದಳು. ಹೊಸಬ ಕಾಯುತ್ತಲೇ ಇದ್ದ. ಅವಳು ಮನೆಚಪ್ಪಲಿಯಲ್ಲೇ ಹಿಮ ತುಳಿಯುತ್ತ ಬಸ್ಸಿನತ್ತ ಓಡಿದಳು. ಕಿಟಕಿಗಳ ತುಂಬ ಹೆದರಿದ ಮುಖಗಳು. ದಿನಾ ಮಗಳಿಗೆ ಹೇಳುತ್ತಿದ್ದುದನ್ನೇ ಅವರಿಗೂ ಹೇಳಿದಳು:

"ಹೊರಡ್ರಮ್ಮಾ, ಲೇಟಾಗುತ್ತೆ. ಸಂಜೆ ಇಲ್ಲೇ ಕಾಯ್ತಿರ್ತೀನಿ."