ತಾಳಪ್ಪಾ, ಬಂದೆ

ಬೇಕರಿಯವನು ಚರ್ಚಿನಲ್ಲಿ ಸಭೆಯ ಮುಂದೆ ಮೊಣಕಾಲೂರಿ, ಎಡ ಮಂಡಿ ತಿಕ್ಕಿಕೊಂಡು, ನಡುಗುವ ದನಿಯಲ್ಲಿ ತನ್ನ ಮೊದಲ ಪ್ರಾರ್ಥನೆ ಶುರುಮಾಡಿದ: "ತಾಳಪ್ಪಾ, ಬಂದೆ." ಹಿಂದಿನ ಬೆಂಚುಗಳಲ್ಲಿ ಕಿಸಕ್ಕನೆ ನಗು ಎದ್ದಿತು. ಪಾಸ್ಟರು ಕೂಡ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು.

ಟೈಲರ್ ಅಜ್ಜಿ ಮಾತ್ರ ನಗಲಿಲ್ಲ. ಅದು ಅವಳದೇ ಮಾತು. ಪ್ರತಿ ಭಾನುವಾರ ವಾತ ಹಿಡಿದ ಎಡ ಮಂಡಿ ತಿಕ್ಕಿಕೊಂಡು ಬಗ್ಗಿಸುವಾಗ ನೋವಿನಲ್ಲಿ ದೇವರಿಗೆ ಹೇಳುತ್ತಿದ್ದದ್ದು. ಪಕ್ಕದಲ್ಲಿ ಕೂತು ಪ್ರಾರ್ಥನೆ ಕಲಿತವನು ಅದನ್ನೂ ಕಲಿತುಬಿಟ್ಟಿದ್ದ!

ಬೇಕರಿಯವನು ಮುಖ ಸಣ್ಣದು ಮಾಡಿಕೊಂಡು ತಿರುಗಿದ. "ತಪ್ಪು ಹೇಳಿದ್ನಾ ಅಜ್ಜಿ? ನಂಗಿದೆಲ್ಲ ಬರಲ್ಲ ಅಂತ ಮೊದ್ಲೇ ಹೇಳಿದ್ದೆ." ಏಳಲು ನೆಲಕ್ಕೆ ಕೈಯೂರಿದ. "ಅಯ್ಯೋ ಮಂಕೇ, ಅದು ನನ್ನ ಮಂಡಿನೋವು ಕಣೋ" ಎಂಬ ಮಾತು ಅಜ್ಜಿಯ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ, ಬೇಕರಿಯವನೇ ಈಚೆಗೆ ಸಭೆಗೆ ಕರೆತಂದಿದ್ದ ಲಾರಿ ಡ್ರೈವರ್, ಜನ ನಕ್ಕಿದ್ದು ಯಾಕೆಂದು ತಿಳಿಯದೆ, ಅವನ ಪಕ್ಕಕ್ಕೆ ಬಂದು ಮೊಣಕಾಲೂರಿದ. ಕಣ್ಣು ಮುಚ್ಚಿ, ಎಡ ಮಂಡಿ ತಿಕ್ಕಿಕೊಂಡು, ಭಕ್ತಿಯಿಂದ ಅಂದ: "ತಾಳಪ್ಪಾ, ಬಂದೆ."

ನಗು ನಿಂತಿತು. ಅಜ್ಜಿ ಬೆಂಚು ಹಿಡಿದುಕೊಂಡು ಮೆಲ್ಲಗೆ ಅವರಿಬ್ಬರ ನಡುವೆ ಮೊಣಕಾಲೂರಿದಳು. "ಸರಿಯಾಗೇ ಹೇಳಿದ್ದೀಯ ಮಗಾ, ಮುಂದುವರಿಸು," ಎಂದಳು. "ಆತ ತಾಳ್ತಾನೆ."