ಮೂರು ನಿಮಿಷದ ಅಜ್ಜಿ

"ಇನ್ನೊಂದು ವಿಷಯ ಇತ್ತು ಮಗಳೇ..." ಎಂದ ಅಜ್ಜಿ, ಬಾಯಿಗೆ ಬಂದ ಮಾತನ್ನು ಅಲ್ಲೇ ನುಂಗಿ ಫೋನ್ ಇಟ್ಟುಬಿಟ್ಟಳು. ಸಹಾಯವಾಣಿಯ ಹುಡುಗಿ ಮೇಜಿನ ಗಡಿಯಾರ ನೋಡಿದಳು. ಸರಿಯಾಗಿ ಮೂರು ನಿಮಿಷ. ಒಂಬತ್ತು ದಿನದಿಂದ ಇದೇ ಕಥೆ!

ಹಿರಿಯರ ಮನಸ್ಸಿನ ದುಗುಡ ಕೇಳುವುದೇ ಅವಳ ಕೆಲಸ. ಅಳುವವರನ್ನು ಕೇಳಿದ್ದಳು, ಬೈಯುವವರನ್ನೂ ಕೇಳಿದ್ದಳು. ಈ ಅಜ್ಜಿ ಮಾತ್ರ ಮಂಡಿನೋವು, ಪಕ್ಕದ ಮನೆಯ ಬೆಕ್ಕು, ಮಾತ್ರೆಯ ಕಹಿ ಎಂದು ಊರಮೇಲಿನದ್ದೆಲ್ಲ ಹೇಳಿ, ಗಂಟಲಲ್ಲಿ ಸಿಕ್ಕಿಕೊಂಡದ್ದು ಹೊರಬರುವ ಹೊತ್ತಿಗೆ ಮಾಯ. ಏನಿರಬಹುದು ಅದು? ಊಟಕ್ಕೆ ಕೂತರೂ ಹುಡುಗಿಯ ತಲೆಯಲ್ಲಿ ಅದೇ ಹುಳ ಕೊರೆಯುತ್ತಿತ್ತು.

"ಸುಮ್ನೆ ಹೊತ್ತು ಕಳೆಯೋಕೆ ಮಾಡ್ತಾರೆ ಕಣೇ," ಎಂದರು ಮೇಲ್ವಿಚಾರಕಿ. "ಲೈನಲ್ಲಿ ಎಷ್ಟು ಜನ ಕಾಯ್ತಿದ್ದಾರೆ ನೋಡು. ನಾಳೆನೂ ಹೀಗೇ ಆದ್ರೆ ಅವರ ಫೈಲ್ ಮುಚ್ಚಿಬಿಡು."

"ಇಲ್ಲ ಮೇಡಂ, ಏನೋ ಹೇಳೋಕಿದೆ ಅವರಿಗೆ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಆಪರೇಟರ್ ಆಗಿದ್ರಂತೆ. ಫೋನಲ್ಲಿ ಮಾತಾಡೋಕೆ ಅವರಿಗೇನು ಹೆದರಿಕೆ?"

ಮೇಲ್ವಿಚಾರಕಿಯ ಟೀ ಲೋಟ ಅರ್ಧದಲ್ಲೇ ನಿಂತಿತು. "ಅಯ್ಯೋ, ಮೊದ್ಲೇ ಹೇಳಬಾರದಾ! ಆಗ ಬೇರೆ ಊರಿಗೆ ಮಾಡೋ ಟ್ರಂಕ್ ಕಾಲ್ ಅಂದ್ರೆ ಮೂರೇ ನಿಮಿಷ. ಆಪರೇಟರ್ ಮಧ್ಯೆ ಬಂದು 'ಮುಂದುವರಿಸ್ತೀರಾ?' ಅಂತ ಕೇಳ್ತಿದ್ಲು. ಹೂಂ ಅಂದ್ರೆ ಇನ್ನೂ ಮೂರು ನಿಮಿಷ. ಇಲ್ಲಾಂದ್ರೆ ಕಟ್."

ಹತ್ತನೆಯ ದಿನ. ಮಂಡಿನೋವು ಮುಗಿಯಿತು, ಬೆಕ್ಕೂ ಮುಗಿಯಿತು. ಅಜ್ಜಿ "ಇನ್ನೊಂದು ವಿಷಯ..." ಎನ್ನುವುದಕ್ಕೂ ಮೂರನೇ ನಿಮಿಷ ತುಂಬುವುದಕ್ಕೂ ಸರಿಹೋಯಿತು. ಹುಡುಗಿ ಎದೆ ಗಟ್ಟಿಮಾಡಿಕೊಂಡು ನಡುವೆ ನುಗ್ಗಿದಳು.

"ಮೂರು ನಿಮಿಷ ಆಯ್ತು. ಮುಂದುವರಿಸ್ತೀರಾ?"

ಕೆಟ್ಟೆನಲ್ಲ, ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರೋ ಏನೋ ಎಂದು ಹುಡುಗಿ ನಾಲಿಗೆ ಕಚ್ಚಿಕೊಂಡಳು. ಆದರೆ ಫೋನ್ ಕಟ್ ಆಗಲಿಲ್ಲ.

"ಇದನ್ನ ಎಲ್ಲರನ್ನೂ ಕೇಳಿದೀನಿ," ಎಂದಳು ಅಜ್ಜಿ. "ಒಬ್ಬಳನ್ನ ಮಾತ್ರ ಕೇಳಲಿಲ್ಲ. ನನ್ನ ತಂಗಿ. ಊರಿಂದ ನಂಗೇ ಫೋನ್ ಮಾಡಿದ್ಲು. ಲೈನಲ್ಲಿ ಜನ ಕಾಯ್ತಿದ್ರು. ಮನೆಯವಳೇ ತಾನೇ, ಸಂಜೆ ಮಾತಾಡಿದ್ರಾಯ್ತು ಅಂತ ಕಟ್ ಮಾಡ್ಬಿಟ್ಟೆ. ಸಂಜೆಗೆ ಅವಳೇ ಇರಲಿಲ್ಲ."

ಹುಡುಗಿಗೆ ಕಣ್ಣು ತುಂಬಿ ಬಂತು. ಗಡಿಯಾರದ ಮುಖವನ್ನು ಗೋಡೆಯ ಕಡೆ ತಿರುಗಿಸಿಟ್ಟಳು.

"ಅವರು ಏನು ಹೇಳ್ತಿದ್ರಮ್ಮಾ?"

"'ಅಕ್ಕಾ, ಇನ್ನೊಂದು ವಿಷಯ ಇತ್ತು' ಅಂದ್ಲು. ಅಷ್ಟೇ." ಅಜ್ಜಿ ಮೂಗೆಳೆದುಕೊಂಡ ಸದ್ದು ಕೇಳಿಸಿತು. "ನಲವತ್ತು ವರ್ಷದಿಂದ ಯೋಚಿಸ್ತಿದೀನಿ. ಏನಿರಬಹುದು ಹೇಳು ಮಗಳೇ?"